‘ಅದು’, ‘ತೀ’, ‘ತೇ’: ಜತ್ತದ ಗಡಿಯಲ್ಲಿ ಸರ್ವನಾಮದ ಅರಿವು

ಮರಾಠಿ ಶಾಲೆಯ ಮೇಜಿನ ಮೇಲೆ ಪುಸ್ತಕ, ವಹಿ, ಕಾಗದ ಮೂರೂ ಇವೆ ಎನ್ನೋಣ. ‘ತೀ ಉಘಡ್’ ಎಂದರೆ ತೆರೆಯಬೇಕಾದದ್ದು ವಹಿ. ಪುಸ್ತಕವಾಗಿದ್ದರೆ ‘ತೇ’, ಕಾಗದವಾಗಿದ್ದರೆ ‘ತೋ’ ಆಗುತ್ತಿತ್ತು. ಜತ್ತ ತಾಲ್ಲೂಕಿನ ಕನ್ನಡ ಮನೆಯಿಂದ ಬಂದ ಮಗುವಿಗೆ ಇವು ಮೂರೂ ‘ಅದು’. ಅದರ ಮನೆಮಾತಿನಲ್ಲಿ ‘ಅಂವ’ ಗಂಡಸು, ‘ಆಕಿ’ ಹೆಂಗಸು, ವಸ್ತುವೆಲ್ಲ ‘ಅದು’. ಕನ್ನಡದ ಲಿಂಗ ಅರ್ಥವನ್ನು ಅನುಸರಿಸಿದರೆ, ಮರಾಠಿಯದನ್ನು ಒಂದೊಂದು ನಾಮಪದದೊಡನೆ ಕಲಿಯಬೇಕು. (ಕೂಸಿನ ವಿಷಯದಲ್ಲಿ ಮಾತ್ರ ಎರಡಕ್ಕೂ ಒಮ್ಮತ: ಕನ್ನಡದ ಕೂಸು ‘ಅದು’, ಮರಾಠಿಯ ಮೂಲ್ ‘ತೇ’.) ಹಂಗೇರಿಯನ್ ಮಗುವಿಗೆ ಈ ತೊಡಕೇ ಇಲ್ಲ, ಅಲ್ಲಿ ಅವನಿಗೂ ಅವಳಿಗೂ ಸರ್ವನಾಮ ಒಂದೇ.

ಜತ್ತದಲ್ಲಿ ಈ ತೊಡಕಿಗೆ ಆಡಳಿತದ ಚರಿತ್ರೆಯೂ ಕೂಡಿಕೊಂಡಿದೆ. ಡಫಳೆ ಮನೆತನದ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ಪುನರ್ವಿಂಗಡಣೆ ನೆರೆಯ ವಿಜಾಪುರವನ್ನು ಮೈಸೂರಿಗೆ ಸೇರಿಸಿ, ಜತ್ತವನ್ನು ಮುಂಬಯಿ ರಾಜ್ಯದಲ್ಲೇ ಉಳಿಸಿತು. 1960ರಲ್ಲಿ ಅದು ಮಹಾರಾಷ್ಟ್ರದ ಭಾಗವಾಯಿತು. ಕನ್ನಡ ಶಾಲೆಗಳು ಉಳಿದರೂ ಕಚೇರಿಯ ಭಾಷೆ ಮರಾಠಿ. ಯಾವ ಮಾತು ಶುದ್ಧ, ಯಾವುದು ತಪ್ಪು ಎಂಬ ತೀರ್ಮಾನವೂ ಆ ಭಾಷೆಯ ಶಿಷ್ಟರೂಪದ ಪಾಲಾಯಿತು.

ಆ ತೀರ್ಮಾನವನ್ನು ಮತ್ತೊಮ್ಮೆ ಪರಿಶೀಲಿಸಲು ಸಾಂಗಲಿ ಜಿಲ್ಲೆಯಲ್ಲೇ ಆಧಾರವಿದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಕುಪ್ವಾರ್ ಗ್ರಾಮದ ಅಧ್ಯಯನ ಭಾಷಾಸಂಪರ್ಕದ ಚರ್ಚೆಯಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ಅಲ್ಲಿ ಜೈನರು, ಲಿಂಗಾಯತರು ಕನ್ನಡ, ಮುಸ್ಲಿಮರು ಉರ್ದು, ಇನ್ನು ಕೆಲವರು ಮರಾಠಿ ಆಡುತ್ತಿದ್ದರು. ಹೊಲ, ಬೀದಿಗಳ ನಿತ್ಯದ ವ್ಯವಹಾರದಲ್ಲಿ ಮೂರೂ ಭಾಷೆಗಳ ವಾಕ್ಯರಚನೆ ಒಂದನ್ನೊಂದು ಹೋಲತೊಡಗಿತ್ತು. ಮನೆಮಾತು ಸಮುದಾಯದ ಗುರುತಾಗಿದ್ದುದರಿಂದ ಶಬ್ದಸಂಪತ್ತು ಬೇರೆಯಾಗಿಯೇ ಉಳಿದಿತ್ತು. ಅಲ್ಲಿಯ ಮರಾಠಿ ಲಿಂಗವ್ಯವಸ್ಥೆಯಲ್ಲಿ ಕನ್ನಡದ ದಾರಿ ಹಿಡಿದಿತ್ತು: ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮಿಕ್ಕದ್ದೆಲ್ಲ ನಪುಂಸಕ.

ಅದು ಮಕ್ಕಳ ಭಾಷೆಯ ಅಧ್ಯಯನವಲ್ಲ. ಆದರೂ ದೊಡ್ಡವರ ದ್ವಿಭಾಷಿಕ ರೂಢಿ ಮಕ್ಕಳಿಗೆ ಮೊದಲ ಮಾತಾಗದೆ ಇಂಥ ಬದಲಾವಣೆ ನೆಲೆಗೊಳ್ಳುವುದು ಕಷ್ಟ. ಕುಪ್ವಾರವನ್ನು ಜತ್ತದ ಪ್ರತಿಬಿಂಬವೆಂದೂ ಹೇಳಲಾಗದು. ಜತ್ತದ ಎಷ್ಟೋ ಹಳ್ಳಿಗಳಲ್ಲಿ ಕನ್ನಡವೇ ಊರಿನ ಮಾತು. ಆದರೆ ಇಲ್ಲಿ ಕನ್ನಡದ ಮಗು ಬರೆದು ಗುರುಗಳಿಂದ ತಿದ್ದಿಸಿಕೊಳ್ಳುವ ‘ತೇ ವಹಿ’ಯ ಹಿಂದಿರುವ ನಿಯಮ, ಅದೇ ಜಿಲ್ಲೆಯ ಇನ್ನೊಂದು ಊರಿನಲ್ಲಿ ಮರಾಠಿ ಮನೆಮಾತಿನವರದೇ ಆಗಿತ್ತು.