ಹಳದಿ ವಾಟರ್ ಪಾಪಿ: ಬಾಲ್ಕನಿ ಟಬ್‌ನಲ್ಲಿ ಬೆಳೆಸುವುದು ಸುಲಭ, ಕೆರೆಗೆ ಬಿಟ್ಟರೆ ಅಪಾಯ

ತಾವರೆ ಬೆಳೆಸುವ ಆಸೆ ಇದೆ, ಆದರೆ ಫ್ಲ್ಯಾಟ್‌ನಲ್ಲಿ ಜಾಗವಿಲ್ಲ ಎನ್ನುವವರಿಗೆ ವಾಟರ್ ಪಾಪಿ ಒಳ್ಳೆಯ ಆಯ್ಕೆ. ಅಗಲವಾದ ಒಂದು ಟಬ್ ಮತ್ತು ಚೆನ್ನಾಗಿ ಬಿಸಿಲು ಇದ್ದರೆ ಸಾಕು.

ಏನಿದು ವಾಟರ್ ಪಾಪಿ?
ಹೆಸರಿನಲ್ಲಿ ಪಾಪಿ, ಅಂದರೆ ಗಸಗಸೆ ಹೂ ಇದ್ದರೂ ಎರಡಕ್ಕೂ ಸಂಬಂಧವಿಲ್ಲ. ದಕ್ಷಿಣ ಅಮೆರಿಕದ ಜೌಗು ಪ್ರದೇಶಗಳಲ್ಲಿ ಬೆಳೆಯುವ ಈ ಸಸ್ಯದ ವೈಜ್ಞಾನಿಕ ಹೆಸರು ಹೈಡ್ರೋಕ್ಲೀಸ್ ನಿಂಫಾಯ್ಡಿಸ್. ಮೂರು ಎಸಳಿನ ತಿಳಿ ಹಳದಿ ಹೂವಿನ ನಡುವೆ ಕೆಂಗಂದು ಬಣ್ಣವಿರುತ್ತದೆ. ಒಂದು ಹೂ ಅರಳಿರುವುದು ಒಂದೇ ದಿನ. ಆದರೆ ಬೆಚ್ಚಗಿನ ತಿಂಗಳುಗಳಲ್ಲಿ ಹೊಸ ಮೊಗ್ಗು ಬರುತ್ತಲೇ ಇರುತ್ತದೆ.

ನೆಡುವುದು ಹೇಗೆ?
* ತೂತಿಲ್ಲದ, ಒಂದೂವರೆ ಅಡಿ ಅಗಲದ ಟಬ್ ತೆಗೆದುಕೊಳ್ಳಿ.
* ಜೇಡಿಮಣ್ಣು ಅಥವಾ ಕೆಂಪು ಮಣ್ಣಿಗೆ ಒಂದು ಹಿಡಿ ಎರೆಗೊಬ್ಬರ ಬೆರೆಸಿ ಮೂರು ಇಂಚು ತುಂಬಿ. ಗೊಬ್ಬರ ಹೆಚ್ಚಾದರೆ ನೀರು ಪಾಚಿಗಟ್ಟುತ್ತದೆ.
* ಬೇರಿರುವ ಹಂಬಿನ ಗೆಣ್ಣನ್ನು ಮಣ್ಣಿಗೆ ಊರಿ, ಮೇಲೆ ತೆಳುವಾಗಿ ಮರಳು ಹರಡಿ.
* ಮಣ್ಣಿನ ಮೇಲೆ ಆರು ಇಂಚು ನೀರು ನಿಲ್ಲಿಸಿ. ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಬಳಸಿ.

40 ಲೀಟರ್ ನೀರು ಎಂದರೆ 40 ಕೆಜಿ ಭಾರ. ಗ್ರಿಲ್ ಮೇಲೆ ಇಡದೆ ನೆಲದ ಮೇಲೇ ಇಡಿ.

ಆರೈಕೆ ಹೇಗೆ?
ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ನೆರಳಿನಲ್ಲಿ ಎಲೆ ಬರುತ್ತದೆ, ಹೂ ಬರುವುದಿಲ್ಲ. ಹಳದಿಯಾದ ಎಲೆಗಳನ್ನು ಆಗಾಗ ತೆಗೆಯಿರಿ, ಆವಿಯಾದಷ್ಟು ನೀರು ಸೇರಿಸಿ. ದೆಹಲಿಯ ಚಳಿಯಲ್ಲಿ ಬೆಳವಣಿಗೆ ನಿಧಾನವಾಗುತ್ತದೆ, ಆಗ ಗೊಬ್ಬರ ಕೊಡಬೇಡಿ.

ಸೊಳ್ಳೆ ಕಾಟ ತಪ್ಪಿಸುವುದು ಹೇಗೆ?
ಡೆಂಗಿ ಹರಡುವ ಈಡಿಸ್ ಸೊಳ್ಳೆ ಮನೆಯಲ್ಲಿ ನಿಂತ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಬೆಚ್ಚಗಿನ ವಾತಾವರಣದಲ್ಲಿ ವಾರ, ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗುತ್ತದೆ. ಟಬ್‌ಗೆ ಮೂರ್ನಾಲ್ಕು ಗಪ್ಪಿ ಮೀನು ಬಿಟ್ಟರೆ ಅವು ಲಾರ್ವಾಗಳನ್ನು ತಿನ್ನುತ್ತವೆ. ಮೀನಿರುವ ಟಬ್‌ಗೆ ಕೀಟನಾಶಕ ಹಾಕಬಾರದು.

ಕೆರೆಗೆ ಏಕೆ ಬಿಡಬಾರದು?
ವಾಟರ್ ಪಾಪಿ ಹಂಬಿನ ಮೂಲಕ ವೇಗವಾಗಿ ಹರಡುತ್ತದೆ. ಮುರಿದ ಒಂದು ತುಂಡು ಸಾಕು, ಹೊಸ ಗಿಡ ಹುಟ್ಟುತ್ತದೆ. ಇದೇ ಕಾರಣಕ್ಕೆ ನ್ಯೂಜಿಲೆಂಡ್‌ನಲ್ಲಿ ಇದರ ಮಾರಾಟಕ್ಕೆ ನಿಷೇಧವಿದೆ. ಮುಂಬೈನ ಪೊವಾಯಿ ಕೆರೆ, ಪುಣೆಯ ಮುಳಾ-ಮುಠಾ ನದಿ, ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ಮುಚ್ಚಿದ ವಾಟರ್ ಹಯಸಿಂತ್ ಕೂಡ ದಕ್ಷಿಣ ಅಮೆರಿಕದಿಂದ ಹೂವಿನ ಚಂದಕ್ಕಾಗಿ ತಂದದ್ದೇ.

ಮಳೆಗಾಲದಲ್ಲಿ ಟಬ್ ತುಂಬಿ ಹರಿಯದಂತೆ ನೀರಿನ ಮಟ್ಟ ಅಂಚಿನಿಂದ ನಾಲ್ಕು ಇಂಚು ಕೆಳಗಿರಲಿ. ಹೆಚ್ಚಾದ ಹಂಬನ್ನು ಚರಂಡಿಗೆ ಎಸೆಯದೆ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಕಾಂಪೋಸ್ಟ್‌ಗೆ ಹಾಕಿ. ಗಪ್ಪಿ ಮರಿಗಳು ಹೆಚ್ಚಾದರೂ ಕೆರೆಗೆ ಬಿಡಬೇಡಿ.