ತಿರ್ಯಂಚರ ಕಥನ: ನೀತಿಕಥೆಯೂ ಭವಾವಳಿಯೂ

ಓಲೆಗರಿಯ ಕಟ್ಟುಗಳಿಗೆ ವಿಷಯಸೂಚಿ ಬರೆಯುವಾಗ ಪ್ರಾಣಿಗಳು ಬರುವ ಕೃತಿಗಳನ್ನೆಲ್ಲ ‘ನೀತಿಕಥೆ’ ಎಂಬ ಒಂದೇ ಶೀರ್ಷಿಕೆಯಡಿ ಸೇರಿಸುವುದು ಸುಲಭ. ಆದರೆ ಇದರಿಂದ ನಮ್ಮ ಸಾಹಿತ್ಯಚರಿತ್ರೆಯ ಮುಖ್ಯ ಭೇದವೊಂದು ಮರೆಯಾಗುತ್ತದೆ. ಅದನ್ನು ವಿದ್ವಾಂಸರ ಮುಂದಿಡುವುದೇ ಈ ಲೇಖನದ ಉದ್ದೇಶ.

ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು 1031ರಲ್ಲಿ ರಚಿಸಿದ ಪಂಚತಂತ್ರವು ವಸುಭಾಗಭಟ್ಟನ ಪರಂಪರೆಯದು. ಅಲ್ಲಿ ಸಿಂಹವು ಅರಸು, ನರಿಗಳು ರಾಜಕಾರ್ಯ ಬಲ್ಲವರು. ಅವುಗಳ ಮಾತು ಆಸ್ಥಾನದ ಮಾತು. ತೊಗಲು ಮಾತ್ರ ಮೃಗದ್ದು. ಪ್ರಾಣಿಯು ಸತ್ತರೆ ಓದುಗನಿಗೆ ಎಚ್ಚರಿಕೆ ದೊರೆಯುತ್ತದೆ. ಮರುಕಕ್ಕೆ ಅಲ್ಲಿ ಅವಕಾಶ ಕಡಿಮೆ.

ಜನ್ನನ ಯಶೋಧರಚರಿತೆಯ (1209) ಮಾರ್ಗ ಬೇರೆ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪಹಿಂಸೆಯಿಂದ ಯಶೋಧರನೂ ತಾಯಿ ಚಂದ್ರಮತಿಯೂ ನವಿಲು-ನಾಯಿಗಳಿಂದ ತೊಡಗಿ ಹಲವು ತಿರ್ಯಗ್ಭವಗಳಲ್ಲಿ ತೊಳಲಿ, ಕಡೆಗೆ ಕೋಳಿಗಳಾಗಿ ಹುಟ್ಟುತ್ತಾರೆ. ಮುನಿಯ ಉಪದೇಶವನ್ನು ಕೇಳಿ ಆ ಕೋಳಿಗಳು ಜಾತಿಸ್ಮರಣೆ ಪಡೆದು, ವ್ರತವನ್ನು ಕೈಕೊಂಡು, ಹರ್ಷದಿಂದ ಕೂಗುತ್ತವೆ. ಆ ದನಿಯನ್ನೇ ಗುರಿಯಾಗಿಸಿ ಯಶೋಮತಿಯು ಶಬ್ದವೇಧಿ ಬಾಣದಿಂದ ಅವನ್ನು ಕೊಲ್ಲುತ್ತಾನೆ. ಸತ್ತವರು ತನ್ನ ತಂದೆ ಮತ್ತು ಅಜ್ಜಿಯೆಂದು ಅವನಿಗೆ ತಿಳಿಯದು. ತಿಳಿಸಲು ಕೋಳಿಗಿದ್ದುದು ಕೋಳಿಯ ಕೂಗೊಂದೇ. ಸಂಜ್ಞಿ ಪಂಚೇಂದ್ರಿಯ ತಿರ್ಯಂಚರು ಐದನೆಯ ಗುಣಸ್ಥಾನದವರೆಗೆ ಏರಬಲ್ಲರೆಂಬ ಆಗಮಸಿದ್ಧಾಂತವು ಈ ಪ್ರಸಂಗದ ತಳಹದಿಯಾಗಿದೆ.

ಆಧುನಿಕ ಕಾದಂಬರಿಯನ್ನು ಈ ಎರಡರಲ್ಲಿ ಯಾವುದರ ಬಳಿ ಇರಿಸಬೇಕು? ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕೃತಿಯಲ್ಲಿ ನಾಯಿಗುತ್ತಿಯ ಹುಲಿಯ ಒಂದು ಮಾತನ್ನೂ ಆಡದು. ತುಂಗಾನದಿಯ ಪ್ರವಾಹದಲ್ಲಿ ಅದರ ಅಂತ್ಯ ಓದುಗನನ್ನು ಕಲಕುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದಲ್ಲಿ (1980) ಹಾರುವ ಓತಿಯು ಯಾವ ನೀತಿಯನ್ನೂ ಬೋಧಿಸದೆ, ಹಿಡಿಯಬಂದವರ ಕೈಗೂ ಸಿಗದೆ ಹಾರಿಹೋಗುತ್ತದೆ. ಇವು ದುರ್ಗಸಿಂಹನ ನರಿಗಿಂತ ಜನ್ನನ ಕೋಳಿಗೆ ಸಮೀಪದ ಜೀವಿಗಳು.

ಇಲ್ಲಿ ಒಂದು ಆಕ್ಷೇಪ ಬರಬಹುದು: ಜನ್ನನ ಕೋಳಿ ಹಿಂದೆ ಅರಸನಾಗಿತ್ತೆಂದೇ ನಮಗೆ ಮರುಕ, ಹುಲಿಯನಿಗೆ ಅಂತಹ ಪೂರ್ವಭವ ಬೇಕಿಲ್ಲ. ಈ ಅಂತರ ನಿಜ. ಕಾದಂಬರಿಕಾರರು ಕರ್ಮಸಿದ್ಧಾಂತವನ್ನು ಅನುಸರಿಸಿದರೆಂದು ನಾವು ಹೇಳುತ್ತಿಲ್ಲ. ಆದರೆ ಅರಸುತನವೂ ಕೋಳಿತನವೂ ಪರ್ಯಾಯಗಳು, ನೋಯುವ ಜೀವ ಒಂದೇ ಎಂಬುದೇ ಭವಾವಳಿಯ ತಾತ್ಪರ್ಯ. ಆದುದರಿಂದ ನಮ್ಮ ಸೂಚಿಗಳಲ್ಲಿ ‘ನೀತಿಕಥೆ’ಯಿಂದ ‘ಭವಾವಳಿ’ಯನ್ನು ಬೇರ್ಪಡಿಸುವುದು ಯುಕ್ತ. ಹಾಗೆ ಮಾಡಿದಲ್ಲಿ, ಮೂಕಪ್ರಾಣಿಯನ್ನು ಅದರ ನೋವಿನಿಂದಲೇ ಅರಿಯುವ ಕಥನವು ಕನ್ನಡದಲ್ಲಿ ಎಷ್ಟು ಹಳೆಯದೆಂಬುದು ಮುಂದಿನ ಸಂಶೋಧಕರಿಗೆ ಕಾಣುವುದು.