ರೇಡಿಯೋ ಕಂಪ್ಯೂಟರಿನೊಳಗೆ ಬಂದ ಕಥೆ

ನಾನು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಗುರುಗಳು ಹಳೆಯ ರೇಡಿಯೋ ಒಂದನ್ನು ಬಿಚ್ಚಿ ಮೇಜಿನ ಮೇಲಿಟ್ಟಿದ್ದರು. ಧಾರವಾಡ ಆಕಾಶವಾಣಿಯನ್ನು ಹಿಡಿಯುವ ಸುರುಳಿ ಯಾವುದು, ದನಿ ಹೆಚ್ಚಿಸುವ ಭಾಗ ಯಾವುದು ಎಂದು ಒಂದೊಂದನ್ನೇ ಮುಟ್ಟಿ ತೋರಿಸಿದರು. ನಾನು ಎಂಜಿನಿಯರ್ ಆಗುವ ಹೊತ್ತಿಗೆ ಆ ಭಾಗಗಳಲ್ಲಿ ಹೆಚ್ಚಿನವು ಕಂಪ್ಯೂಟರಿನೊಳಗೆ ಸೇರಿಹೋಗಿದ್ದವು.

1990ರ ದಶಕದ ಆರಂಭದಲ್ಲಿ ಅಮೆರಿಕದ ಜೋಸೆಫ್ ಮಿಟೋಲಾ ಅವರು 'ಸಾಫ್ಟ್‌ವೇರ್ ರೇಡಿಯೋ' ಎಂಬ ವಿಚಾರವನ್ನು ಮುಂದಿಟ್ಟರು. ಆಂಟೆನಾಗೆ ಸಿಕ್ಕ ಅಲೆಯನ್ನು ಅಂಕಿಗಳ ಸಾಲಾಗಿ ಮಾಡಿಕೊಂಡರೆ, ಉಳಿದದ್ದನ್ನೆಲ್ಲ ಲೆಕ್ಕದಿಂದಲೇ ಮಾಡಬಹುದು. 2001ರಲ್ಲಿ ಎರಿಕ್ ಬ್ಲಾಸಮ್ ಅವರು ಜಾನ್ ಗಿಲ್ಮೋರ್ ಅವರ ಧನಸಹಾಯದಿಂದ 'ಗ್ನೂ ರೇಡಿಯೋ' ಎಂಬ ಮುಕ್ತ ತಂತ್ರಾಂಶವನ್ನು ಆರಂಭಿಸಿದರು. ಅದರಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು 'ಬ್ಲಾಕ್'. ಒಂದರಿಂದ ಹೊರಬಂದ ಅಂಕಿಗಳು ಮುಂದಿನದಕ್ಕೆ ಹೋಗುತ್ತವೆ. ಬೇಕಾದ ಬ್ಲಾಕ್ ಇಲ್ಲದಿದ್ದರೆ ಪೈಥಾನ್ ಅಥವಾ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ನಾವೇ ಬರೆದುಕೊಳ್ಳಬಹುದು. ಒಳಬರುವುದೇನು, ಹೊರಹೋಗುವುದೇನು ಎಂದು ತಿಳಿಸಿ, ನಡುವಿನ ಲೆಕ್ಕವನ್ನು 'ವರ್ಕ್' ಎಂಬ ಭಾಗದಲ್ಲಿ ಬರೆಯಬೇಕು.

ಎಫ್‌ಎಂ ಕೇಳಲೆಂದು ನಾನು ಬರೆದ ಮೊದಲ ಬ್ಲಾಕ್ ಹಾಡಿನ ನಡುನಡುವೆ ಟಕಟಕ ಎನ್ನುತ್ತಿತ್ತು. ಅಂಕಿಗಳು ಕಂತುಕಂತಾಗಿ ಬರುತ್ತವೆ. ಹಿಂದಿನ ಕಂತಿನ ಕೊನೆಯ ಅಂಕಿಯನ್ನು ಉಳಿಸಿಕೊಳ್ಳದೆ ನಾನು ಪ್ರತಿ ಸಲ ಸೊನ್ನೆಯಿಂದ ಶುರು ಮಾಡಿದ್ದೆ! ತಪ್ಪು ಸಿಗಲು ಎರಡು ದಿನ ಬೇಕಾಯಿತು.

ಹಿಂದಿನದನ್ನು ಉಳಿಸಿಕೊಳ್ಳುವುದರ ಬೆಲೆ 2014ರಲ್ಲಿ ಇನ್ನೂ ಚೆನ್ನಾಗಿ ತಿಳಿಯಿತು. 1978ರಲ್ಲಿ ಹಾರಿಸಿದ್ದ, 1985ರಲ್ಲಿ ಧೂಮಕೇತುವಿನ ಬಾಲವನ್ನು ಹಾದುಬಂದಿದ್ದ ನಾಸಾದ ಐಎಸ್‌ಇಇ-3 ನೌಕೆ ಆ ವರ್ಷ ಭೂಮಿಯ ಹತ್ತಿರಕ್ಕೆ ಮರಳುತ್ತಿತ್ತು. ಅದಕ್ಕೆ ಆಜ್ಞೆ ಕಳಿಸುವ ಉಪಕರಣಗಳನ್ನು ಎಂದೋ ತೆಗೆದುಹಾಕಲಾಗಿತ್ತು. ಸ್ವಯಂಸೇವಕರ ತಂಡವೊಂದು ಹಳೆಯ ಕಾಗದಪತ್ರಗಳನ್ನು ಹುಡುಕಿ ತೆಗೆದು, ಆ ಉಪಕರಣಗಳ ಕೆಲಸವನ್ನು ಗ್ನೂ ರೇಡಿಯೋದಲ್ಲಿ ಕಟ್ಟಿತು. ಪೋರ್ಟೊ ರಿಕೋದ ಅರೆಸಿಬೋ ರೇಡಿಯೋ ದೂರದರ್ಶಕದಿಂದ ಆಜ್ಞೆ ಹೋಯಿತು; ನೌಕೆ ಉತ್ತರ ಕೊಟ್ಟಿತು. ಜುಲೈ 2ರಂದು ಅದರ ಎಂಜಿನ್‌ಗಳೂ ಉರಿದವು. ಕೆಲವೇ ದಿನಗಳಲ್ಲಿ ಅವು ಸೋತವು, ನೌಕೆಯ ದಾರಿ ಬದಲಿಸಲಾಗಲಿಲ್ಲ. ಆದರೂ ಮೂವತ್ತೈದು ವರ್ಷ ದಾಟಿದ ನೌಕೆಯೊಡನೆ ಮಾತು ಸಾಧ್ಯವಾಯಿತಲ್ಲ!

ಯಾರೋ ಆ ಕಾಗದಗಳನ್ನು ಜೋಪಾನ ಮಾಡಿರದಿದ್ದರೆ ಇದು ಆಗುತ್ತಿರಲಿಲ್ಲ. ಆದ್ದರಿಂದ ಊರಿನವರಲ್ಲಿ, ಗೆಳೆಯರಲ್ಲಿ ನನ್ನದೊಂದು ವಿನಂತಿ. ನಮ್ಮ ಶಾಲೆಯ ಹಳೆಯ ರಿಜಿಸ್ಟರು, ಗುರುಗಳ ಟಿಪ್ಪಣಿ, ಪ್ರಯೋಗದ ಪುಸ್ತಕ ನಿಮ್ಮ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಅಂದು ಬಿಚ್ಚಿಟ್ಟ ರೇಡಿಯೋದ ಚಿತ್ರ ನನ್ನ ಎಂಟನೆಯ ತರಗತಿಯ ನೋಟುಬುಕ್ಕಿನಲ್ಲಿ ಇನ್ನೂ ಇದೆ. ಈ ಸುವರ್ಣ ಮಹೋತ್ಸವದಂದು ಅದನ್ನು ಶಾಲೆಗೇ ಒಪ್ಪಿಸುತ್ತಿದ್ದೇನೆ.